ಏಳು ಕೂಸುಗಳನ್ನು ಹೊತ್ತ ಜೋಳ

ಸುರೇಬಾನದ ಸೂಲಗಿತ್ತಿ ಶಟ್ಟೆವ್ವನ ಹತ್ತಿರ ಇದ್ದದ್ದು ಒಂದೇ ಮೊರ. ಅಂಚಿಗೆ ತೊಗಲು ಹೊಲಿದ ಬಿದಿರಿನ ಮೊರ. ಮೆಂತ್ಯದ ಹಿಟ್ಟು ಬಳಿದು ಬಳಿದು ಕಲ್ಲಿನಂತೆ ಗಟ್ಟಿಯಾಗಿತ್ತು. ಅತ್ತೆ ಕಣ್ಣು ಮುಚ್ಚುವ ಮುಂಚೆ ಅದನ್ನು ಅವಳ ಕೈಗಿಟ್ಟು, "ಇದರಾಗ ಏನು ಬಿದ್ರೂ ಹಣಿಗೆ ಒತ್ತಿಕೋ. ಕಡಿಮಿ ಆತು ಅನ್ನಬ್ಯಾಡ" ಎಂದಿದ್ದಳು. ಮೂವತ್ತು ವರ್ಷ ಶಟ್ಟೆವ್ವ ಆ ಮಾತು ಮೀರಿರಲಿಲ್ಲ.

ಊರಿನ ಪದ್ಧತಿ ಹೀಗಿತ್ತು. ಹೆರಿಗೆಯ ಮನೆಗೆ ಹೋಗುವಾಗ ಅವಳು ಬರಿಯ ಮೊರ ಒಯ್ಯುತ್ತಿದ್ದಳು. ಮನೆಯ ಹೆಂಗಸರು ಅದರಲ್ಲಿ ಜೋಳ ಹಾಕಿ, ಮೇಲೊಂದು ಮೆತ್ತನೆಯ ಹಳೆಯ ಬಟ್ಟೆ ಹಾಸಿ ಕೊಡುತ್ತಿದ್ದರು. ಮೀಯಿಸಿದ ಕೂಸನ್ನು ಮೊದಲು ಮಲಗಿಸುವುದು ಅದರ ಮೇಲೆ. ಮೈ ನೆಲ ಮುಟ್ಟುವ ಮುಂಚೆ ಕಾಳು ಮುಟ್ಟಬೇಕು ಎಂಬ ನಂಬಿಕೆ. ಆಮೇಲೆ ಆ ಮೊರ ಐದು ದಿನ ಬಾಣಂತಿಯ ತಲೆಯ ಹತ್ತಿರ ಇರುತ್ತಿತ್ತು. ಐದನೆಯ ದಿನ ಶಟ್ಟೆವ್ವ ಎಂಬ ದೇವಿ ಬಂದು ಕೂಸಿನ ಹಣೆಯ ಮೇಲೆ ಬರೆಯುತ್ತಾಳೆ. ಬರೆಯುವ ತಾಯಿಯ ಕಣ್ಣಿಗೆ ಕಾಳು ಬೀಳಬೇಕು. ಅಂದಿನ ಪೂಜೆ ಮುಗಿದ ಮೇಲೆ ಆ ಜೋಳ ಸೂಲಗಿತ್ತಿಯದು. ಅದೇ ಅವಳ ಕೂಲಿ.

ಹೀಗಾಗಿ ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಶಟ್ಟೆವ್ವನಿಗೆ ತಿಳಿಯುತ್ತಿತ್ತು. ಕುರಿ ಕಾಯುವ ಗಂಡ ಮಾಳಪ್ಪ ನಗುತ್ತಿದ್ದ. "ನಿನ್ನ ಹೆಸರಿನ ದೇವಿ ಹಣಿ ಮ್ಯಾಲ ಬರೀತಾಳ, ನೀ ಮೊರದಾಗ ಓದತಿ. ಇಬ್ಬರೂ ಸಾಲಿ ಕಲತವರಲ್ಲ."

ಊರಿನಲ್ಲಿ ನೇಕಾರರ ಓಣಿ ಎರಡಿದ್ದವು. ಮೇಲಿನ ಓಣಿಯವರ ಅಜ್ಜ ಮುತ್ತಜ್ಜಂದಿರು ಕೃಷ್ಣೆಯ ಆಚೆಯ ತೆಲುಗು ಸೀಮೆಯಿಂದ ಬಂದವರು. ಕೆಳಗಿನ ಓಣಿಯವರ ಹಿರಿಯರು ಗೋದಾವರಿ ದಂಡೆಯ ಮರಾಠಿ ನಾಡಿನಿಂದ ಬಂದವರು. ಎರಡೂ ಕಡೆಯವರು ಹೆಗಲ ಮೇಲೆ ಮಗ್ಗದ ಹಲಗೆ ಹೊತ್ತು ಬಂದಿದ್ದರಂತೆ, ಬೇರೇನೂ ಇರಲಿಲ್ಲವಂತೆ. ಈಗ ಎಲ್ಲರ ಮಾತೂ ಕನ್ನಡವೇ. ಮೇಲಿನವರು ಎಳೆ ಎಣಿಸುವಾಗ ಮಾತ್ರ ತೆಲುಗು ಆಡುತ್ತಿದ್ದರು. ಕೆಳಗಿನವರು ಬೈಯುವಾಗ ಮಾತ್ರ ಮರಾಠಿ. ಶಟ್ಟೆವ್ವ ಈ ಕೆಲಸಕ್ಕೆ ಬಂದ ಹೊಸದರಲ್ಲಿ ಹೆರಿಗೆಯ ನೋವು ಏರಿದಾಗ ಮೇಲಿನ ಓಣಿಯ ಹೆಂಗಸರು "ಅಮ್ಮಾ" ಎನ್ನುತ್ತಿದ್ದರು, ಕೆಳಗಿನವರು "ಆಯೀ" ಎನ್ನುತ್ತಿದ್ದರು. ಈಗೀಗ ಎರಡೂ ಕಡೆ ಕೇಳುವುದು "ಯವ್ವಾ" ಒಂದೇ.

ಬದುಕು ಮಾತ್ರ ಒಂದೇ ಆಗಿರಲಿಲ್ಲ. ಮೇಲಿನ ಓಣಿಯವರು ರೇಷ್ಮೆ ದಡಿಯ ಸೀರೆ ನೇಯುತ್ತಿದ್ದರು. ನೂಲು ಮುಂಬಯಿಯಿಂದ ಬರುತ್ತಿತ್ತು. ಸೀರೆ ದೊಡ್ಡ ಪೇಟೆಗೆ ಹೋಗುತ್ತಿತ್ತು. ಅವರ ಮನೆಗಳಿಗೆ ಗಟ್ಟಿ ಮಾಳಿಗೆ, ಒಲೆಯ ಮೇಲೆ ಹಿತ್ತಾಳೆಯ ಹಂಡೆ. ಅಲ್ಲಿ ಮೊರ ಅಂಚು ಕಾಣದಷ್ಟು ತುಂಬುತ್ತಿತ್ತು. ಅಂಚಿಗೊಂದು ಕುಂಕುಮದ ಬೊಟ್ಟು ಇಟ್ಟು ಕೊಡುತ್ತಿದ್ದರು. ಕೆಳಗಿನವರು ನೇಯುತ್ತಿದ್ದದ್ದು ದಪ್ಪ ಪಂಜೆ, ದುಪ್ಪಟಿ. ಸುತ್ತಲಿನ ಹಳ್ಳಿಯ ಹೆಂಗಸರು ತೆಗೆದ ನೂಲು, ಸುತ್ತಲಿನ ಒಕ್ಕಲಿಗರೇ ಗಿರಾಕಿಗಳು. ಬಟ್ಟೆ ಹೊತ್ತು ನೇಸರಗಿಯ ಸಂತೆಯವರೆಗೂ ನಡೆಯುತ್ತಿದ್ದರು. ಅವರ ಮೊರದಲ್ಲಿ ಬಿದಿರಿನ ಹೆಣಿಗೆ ಕಾಣುವಷ್ಟು ತೆಳುವಾಗಿ ಜೋಳ ಬೀಳುತ್ತಿತ್ತು. ಆದರೆ ಕೂಸಿಗೆ ದೃಷ್ಟಿಯಾಗಬಾರದೆಂದು ಆ ಜೋಳಕ್ಕೆ ಕೈತುಂಬ ಅರಿಶಿನ ಸವರಿ ಕೊಡುತ್ತಿದ್ದರು. ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು.

ಎರಡೂ ಓಣಿಗಳ ನಡುವೆ ಉದ್ದನೆಯ ಬಯಲಿತ್ತು. ಮಗ್ಗಕ್ಕೆ ಏರಿಸುವ ಮುಂಚೆ ನೂಲಿನ ಉದ್ದೆಳೆಗಳ ಹಾಸು ಹರವಿ ಗಂಜಿ ಹಚ್ಚುವುದು ಅಲ್ಲೇ. ಹೆಂಗಸರು ಅಲ್ಲಿ ಒಬ್ಬರಿಗೊಬ್ಬರು ಚುಚ್ಚಿ ಮಾತಾಡದ ದಿನವಿರಲಿಲ್ಲ. "ನಿಮ್ಮ ದುಪ್ಪಟಿ ಎತ್ತಿಗೆ ಹೊದಿಸಾಕ ಲಾಯಕ್ ಐತಿ ನೋಡ್ರಿ" ಎಂದು ಮೇಲಿನವರು, "ನಿಮ್ಮ ಸೀರಿ ಉಟ್ಟಾಕಿ ಬಗ್ಗಿ ಕಸಾ ಹೊಡದ್ರ ಹರೀತೈತಿ" ಎಂದು ಕೆಳಗಿನವರು. ಆದರೆ ಹಾಸಿನಲ್ಲಿ ಎಳೆ ಹರಿದರೆ ಮಾತು ನಿಲ್ಲುತ್ತಿತ್ತು. ಯಾರು ಹತ್ತಿರವಿದ್ದರೋ ಅವರೇ ಗಂಟು ಹಾಕಬೇಕು. ಯಾರ ಹಾಸು ಎಂದು ಕೇಳುವಂತಿಲ್ಲ.

ಪ್ಲೇಗಿನ ಗಡ್ಡೆ ಬೇನೆ ನಾಡಿನ ತುಂಬ ಹಬ್ಬಿದ ವರ್ಷ ಅದು. ಸುರೇಬಾನಕ್ಕೆ ಬೇನೆ ಬರಲಿಲ್ಲ. ಅದರ ನೆರಳು ಬಂತು. ಪೇಟೆಗಳು ಮುಚ್ಚಿದವು, ವ್ಯಾಪಾರಿಗಳು ಊರು ಬಿಟ್ಟು ಹೊಲದ ಗುಡಿಸಲು ಸೇರಿದರು. ಬರುವ ನೂಲು ನಿಂತಿತು, ಹೋಗುವ ಸೀರೆ ನಿಂತಿತು. ದೀಪಾವಳಿಯಿಂದಲೇ ನಡುವಿನ ಬಯಲು ಬರಿದಾಗಿ ನಾಯಿಗಳು ಮಲಗತೊಡಗಿದವು.

ಆ ಚಳಿಗಾಲದಲ್ಲಿ ಎರಡೂ ಓಣಿ ಸೇರಿ ಏಳು ಹೆರಿಗೆಗಳಾದವು. ಮೊದಲನೆಯದು ಕೆಳಗಿನ ಓಣಿಯ ಬಾಯವ್ವನ ಸೊಸೆಯದು. ಏಳನೆಯದು ಮೇಲಿನ ಓಣಿಯ ಕೃಷ್ಣವ್ವನ ಸೊಸೆಯದು. ಕೂಲಿ ತರುವ ಕಾಲವಲ್ಲ ಇದು ಎಂದು ಶಟ್ಟೆವ್ವ ತನ್ನಷ್ಟಕ್ಕೆ ತೀರ್ಮಾನಿಸಿದ್ದಳು. ಪ್ರತಿ ಮನೆಯಲ್ಲೂ ಐದನೆಯ ದಿನ ಮೊರದ ಮೇಲಿಂದ ಒಂದೇ ಮುಷ್ಟಿ ಜೋಳ ಉಡಿಗೆ ಹಾಕಿಕೊಂಡು, "ನನ್ನ ಪಾಲು ಬಂತು. ಉಳಿದದ್ದು ಬಾಣಂತಿಗೆ ಬೀಸಿ ಹಾಕ್ರಿ" ಎಂದು ಹೇಳಿ ಬರುತ್ತಿದ್ದಳು. ಮರುದಿನ ಯಾರಾದರೂ ಬರಿಯ ಮೊರ ತಂದು ಕೊಡುತ್ತಿದ್ದರು. ಆ ವರ್ಷವೂ ಮೇಲಿನ ಓಣಿಯಲ್ಲಿ ಮೊರ ಅಂಚು ಮುಟ್ಟ ತುಂಬಿಯೇ ಇರುತ್ತಿದ್ದುದನ್ನು ಅವಳು ನೋಡಿದ್ದಳು. ದೊಡ್ಡ ಮನೆಗಳು, ತಡೆದುಕೊಳ್ಳುತ್ತಾರೆ ಎಂದುಕೊಂಡಿದ್ದಳು.

ಕೃಷ್ಣವ್ವನ ಮೊಮ್ಮಗ ಹುಟ್ಟಿದ ಐದನೆಯ ದಿನ ಬೆಳಿಗ್ಗೆ ಶಟ್ಟೆವ್ವನಿಗೆ ಚಾವಡಿಯಿಂದ ಕರೆ ಬಂತು. ಅಲ್ಲಿ ಊರಿನ ಹಿರಿಯರಾದ ಅಂದಾನೆಪ್ಪ ಗೌಡರ ಪಕ್ಕದಲ್ಲಿ ರಾಮದುರ್ಗದ ಕಚೇರಿಯಿಂದ ಬಂದ ಕಾರಕೂನರು ಕುಳಿತಿದ್ದರು, ಮುಂದೆ ಕಾಗದ, ದೌತಿ.

"ಬಾ ಶಟ್ಟೆವ್ವಾ," ಎಂದರು ಗೌಡರು. "ನೇಕಾರರಿಗೆ ಹಂಚಾಕ ಜೋಳ ಬರತೈತಂತ. ಆದ್ರ ಒಂದು ಓಣಿಗೆ ಸಾಲುವಷ್ಟ ಐತಿ."

"ಎರಡಕ್ಕ ಹಂಚಿದ್ರ ಯಾರ ಹೊಟ್ಟಿನೂ ತುಂಬೂದಿಲ್ಲ ಅಂತ ಸರಕಾರದ ಹುಕುಂ," ಎಂದರು ಕಾರಕೂನರು. "ಹೆಚ್ಚು ಕಷ್ಟದಾಗ ಇರೋ ಓಣಿ ಹೆಸರು ಬರೀಬೇಕು."

"ಓಣಿ ಹಿರೇರನ್ನ ಕೇಳ್ರಿ ಗೌಡ್ರ."

"ಕೇಳೇವಿ. ಇಬ್ಬರೂ ನಮಗೇನೂ ಕಡಿಮಿ ಇಲ್ಲರಿ ಅಂತಾರ. ಹೊಟ್ಟಿ ಬೆನ್ನಿಗೆ ಹತ್ತಿದ್ರೂ ಮೀಸಿ ತಿರುವೂದು ಬಿಡೂದಿಲ್ಲ. ಮುತ್ತಜ್ಜ ಬರಿಗೈಲೆ ಬಂದಿದ್ದ ಅನ್ನೂದನ್ನ ಊರು ಮತ್ತ ಆಡೀತು ಅಂತ ಅವರ ಅಂಜಿಕಿ. ಎರಡೂ ಓಣ್ಯಾಗ ಒಳಗಿನ ಒಲಿತನಕ ಹೋಗಿ ಬರಾಕಿ ನೀ ಒಬ್ಬಾಕಿ. ನೀ ಹೇಳು."

ಶಟ್ಟೆವ್ವನನ್ನು ಚಾವಡಿಯಲ್ಲಿ ಯಾರೂ ಎಂದೂ ಏನನ್ನೂ ಕೇಳಿರಲಿಲ್ಲ. ಅವಳು ಕಾಗದದ ಕಡೆ ನೋಡಿದಳು. "ನಾ ಹೇಳಿದ್ದ ಬರೀತೀರೇನ್ರಿ?"

"ನೀ ಹೇಳಿದ್ದನ್ನ ಬರೀತೇನಿ."

"ಮ್ಯಾಲಿನ ಓಣ್ಯಾಗ ಮೊರ ಇನ್ನೂ ತುಂಬತೈತ್ರಿ. ಕೆಳಗಿನ ಓಣ್ಯಾಗ ತೆಳು ಐತಿ. ಕೆಳಗಿನವರಿಗೆ ಕೊಡ್ರಿ."

ಕಾರಕೂನರು ಬರೆದುಕೊಂಡರು. ಬಂಡಿ ನಾಡಿದ್ದು ಹೊರಡುತ್ತದೆ ಎಂದು ಹೇಳಿ ಅಂದೇ ರಾಮದುರ್ಗಕ್ಕೆ ಮರಳಿದರು. ಒಂದು ಒಳ್ಳೆಯ ಕೆಲಸ ಕೈಯಿಂದ ಆಯಿತೆಂಬ ಸಮಾಧಾನದಲ್ಲಿ ಶಟ್ಟೆವ್ವ ಊರಾಚೆಯ ಶಬರಿ ಕೊಳ್ಳದ ಗುಡಿಯ ಕಡೆ ತಿರುಗಿ ಕೈ ಮುಗಿದಳು.

ಮಧ್ಯಾಹ್ನ ಅವಳು ಕೃಷ್ಣವ್ವನ ಮನೆಗೆ ಹೋದಳು. ಪೂಜೆ ಚಿಕ್ಕದಾಗಿಯೇ ನಡೆಯಿತು. ಬಾಣಂತಿಯ ಹಾಸಿಗೆಯ ಮೇಲೆ ಗಾಳಿ ಬೀಸುತ್ತಿದೆಯೆಂದು ಅದನ್ನು ಮೂಲೆಗೆ ಸರಿಸಬೇಕಾಯಿತು. ದಾರಿಯಲ್ಲಿದ್ದ ಮೊರವನ್ನು ಶಟ್ಟೆವ್ವ ಎರಡು ಕೈಯಿಂದ ಎತ್ತಿದಳು.

ಅದು ಹಗುರವಾಗಿತ್ತು.

ಮೂವತ್ತು ವರ್ಷ ಕೂಸು ಎತ್ತಿದ ಕೈ. ಆರು ರಾತಲು ತೂಕದ ಕೂಸು ಯಾವುದು, ಐದು ರಾತಲಿನದು ಯಾವುದು ಎಂದು ಕತ್ತಲಲ್ಲೂ ಹೇಳಬಲ್ಲ ಕೈ. ಆ ವರ್ಷ ಅವಳು ಮೊರವನ್ನು ಕಣ್ಣಿನಿಂದ ನೋಡಿದ್ದಳು, ಮೇಲಿಂದ ಮುಷ್ಟಿ ತೆಗೆದಿದ್ದಳು, ಒಮ್ಮೆಯೂ ಎತ್ತಿರಲಿಲ್ಲ. ಅವಳು ಮೊರವನ್ನು ಬಾಗಿಲ ಬೆಳಕಿಗೆ ತಂದಳು. ಮೇಲೆ ಒಂದು ಬೆರಳು ದಪ್ಪ ಜೋಳ, ಅದರ ಕೆಳಗೆ ಮಡಿಚಿ ಮಡಿಚಿ ಇಟ್ಟ ಹರಕು ಬಟ್ಟೆ. ಜೋಳವನ್ನು ಅಂಗೈಯಲ್ಲಿ ಹರಡಿದಳು. ಕಾಳಿನ ಮೈ ಬೆಳ್ಳಗಿತ್ತು, ಕಣ್ಣು ಹಳದಿಯಾಗಿತ್ತು.

"ಅದನ್ನ ಅಲ್ಲೇ ಇಡು ಶಟ್ಟೆವ್ವಕ್ಕಾ," ಎಂದಳು ಕೃಷ್ಣವ್ವ. ಅವಳ ದನಿ ಎಂದಿನಂತೆ ಗಟ್ಟಿಯಾಗಿಯೇ ಇತ್ತು.

"ಇದು ಅರಿಶಿಣ ಹಚ್ಚಿದ ಜೋಳ."

ಕೃಷ್ಣವ್ವ ಸೆರಗು ಸರಿ ಮಾಡಿಕೊಂಡಳು. "ಮೂರು ನೀರಾಗ ತೊಳದೆ. ಹೋಗಲಿಲ್ಲ."

ಶಟ್ಟೆವ್ವ ಒಲೆಯ ಹತ್ತಿರ ಹೋದಳು. ಹಿತ್ತಾಳೆಯ ಹಂಡೆ ಹುಣಸೆ ಹಚ್ಚಿ ತಿಕ್ಕಿದ್ದರಿಂದ ಮುಖ ಕಾಣುವಂತೆ ಹೊಳೆಯುತ್ತಿತ್ತು. ಅದರ ಕೆಳಗಿನ ಬೂದಿಗೆ ಕೈ ಇಟ್ಟಳು. ತಣ್ಣಗಿತ್ತು.

"ಉಂಡು ಎಷ್ಟ ದಿನ ಆತು?"

"ನಿನ್ನೆ ಬೆಳಿಗ್ಗೆ ಗಂಜಿ ಕುಡದೇವಿ. ನೂಲಿಗೆ ಗಂಜಿ ಹಚ್ಚಾಕ ಇಟ್ಟಿದ್ದ ಹಿಟ್ಟು ಒಂದೀಟು ಇತ್ತು. ಹಾಸು ಇಲ್ಲಲ್ಲ, ಹೊಟ್ಟಿಗೇ ಹಚ್ಚಿದ್ವಿ." ಕೃಷ್ಣವ್ವ ತನ್ನ ಮಾತಿಗೆ ತಾನೇ ನಕ್ಕಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಈ ಜೋಳ ಯಾರದವ್ವಾ?"

"ಬಾಯವ್ವನ ಮನೀದು. ಮೊದಲ ಅಕಿ ಮನೀದಿತ್ತು. ಈಗ ಯಾರದಂತ ಹೇಳಲಿ? ನಮ್ಮೆಲ್ಲಾರದೂ."

ಶಟ್ಟೆವ್ವ ಮತ್ತೇನೂ ಕೇಳದೆ ಮೊರ ಕಂಕುಳಲ್ಲಿ ಇರುಕಿಕೊಂಡು ಕೆಳಗಿನ ಓಣಿಗೆ ಹೊರಟಳು. ಬಾಯವ್ವ ಅಂಗಳದಲ್ಲಿ ಕುಳಿತು ರಾಟೆಯಲ್ಲಿ ದಪ್ಪ ನೂಲು ಸುತ್ತುತ್ತಿದ್ದಳು. ಮೊರ ಕಂಡದ್ದೇ ಅವಳಿಗೆ ಎಲ್ಲ ತಿಳಿಯಿತು.

"ಸಿಕ್ಕಬಿದ್ದಳೇನ ಅಕಿ? ತೊಳೀಬ್ಯಾಡ, ಮ್ಯಾಲ ಕುಂಕಮದ ನೀರು ಚಿಮಕಿಸು, ಹಳದಿ ಮುಚ್ಚಿ ಹೋಗತೈತಿ ಅಂದಿದ್ದೆ. ಕೆಳಗಿನ ಓಣಿಯವರ ಮಾತು ಕೇಳಿದ್ರ ಅವರ ಮರ್ಯಾದಿ ಹೋಗತೈತಲ್ಲ."

"ಬಾಯವ್ವಾ, ನಿನ್ನ ಸೊಸಿಗೆ ಅಂತ ನಾ ಬಿಟ್ಟು ಬಂದ ಜೋಳ ಯಾಕ ಬೀಸಲಿಲ್ಲ?"

ರಾಟೆ ನಿಂತಿತು. "ಬೀಸಾಕಂತ ಕುಂತಿದ್ದೆ ಯಕ್ಕಾ. ಒಂದು ಮುಷ್ಟಿ ಕಲ್ಲಿನ ಬಾಯಿಗೂ ಹಾಕಿದ್ದೆ. ಆಗ ಕೃಷ್ಣವ್ವ ಹಿತ್ತಲಕ ಬಂದು ನಿಂತಳು. ಅವರತ್ತಿ ನಮ್ಮ ಓಣ್ಯಾಗ ನೀರು ಕುಡದಾಕಿ ಅಲ್ಲ. ಇಕಿ ಬಂದು ನಿಂತಳು. ನಮ್ಮ ಓಣ್ಯಾಗ ಒಬ್ಬಾಕಿಗೆ ಬ್ಯಾನಿ ಹತ್ಯಾವು, ಮೊರಕ್ಕ ಹಾಕಾಕ ಯಾರ ಮನ್ಯಾಗೂ ಕಾಳಿಲ್ಲ ಅಂದಳು. ಕೂಸನ್ನ ಬರೇ ಬಿದಿರಿನ ಮ್ಯಾಲ ಹ್ಯಾಂಗ ಮಲಗಸೂದು? ಕಲ್ಲಿಗೆ ಹಾಕಿದ್ದನ್ನೂ ಬಳದು ಕೊಟ್ಟೆ. ಆರನೇ ದಿನಕ್ಕ ತಿರುಗಿ ತಂದು ಕೊಟ್ಟಳು. ಅಷ್ಟರಾಗ ನಮ್ಮ ಓಣ್ಯಾಗ ಇನ್ನೊಬ್ಬಾಕಿ ಹಡದಳು. ಆಮ್ಯಾಲ ಅವರ ಓಣ್ಯಾಗ ಒಬ್ಬಾಕಿ. ಹಿಂಗ ಅದು ತಿರಗಾಕ ಹತ್ತಿತು. ಒಂದು ಕಾಳು ಕಡಿಮಿ ಆಗಿಲ್ಲ ನೋಡು."

"ನಾ ತಗೊಂಡ ಮುಷ್ಟಿ ಬಿಟ್ಟು."

"ಅದು ಬಿಟ್ಟು. ಅದನ್ನ ಪ್ರತಿ ಸಲ ನಾವ ಕೂಡಸತಿದ್ವಿ."

ಆ ಮುಷ್ಟಿಗಳು ಯಾರ ಬಾಯಿಂದ ಬಂದವು ಎಂದು ಕೇಳುವ ಧೈರ್ಯ ಶಟ್ಟೆವ್ವನಿಗಾಗಲಿಲ್ಲ. ತಾನು ದಯೆಯಿಂದ ತೆಗೆದ ಒಂದೊಂದು ಮುಷ್ಟಿ ಈ ಹೆಂಗಸರು ಕಟ್ಟಿದ ಕಂದಾಯದಂತೆ ಅವಳಿಗೆ ತೋರಿತು. ಅವಳು ಮೊರದ ಕಡೆ ನೋಡಿದಳು. ಇಷ್ಟೇ ಜೋಳ. ಏಳು ಮನೆ ಹತ್ತಿ ಇಳಿದಿದೆ, ಏಳು ಕೂಸುಗಳನ್ನು ಹೊತ್ತಿದೆ. ಹಸಿದ ಏಳು ಬಾಣಂತಿಯರು ಐದೈದು ದಿನ ಇದನ್ನು ತಲೆಯ ಹತ್ತಿರ ಇಟ್ಟುಕೊಂಡು ಮಲಗಿದ್ದಾರೆ. ಕೈ ಚಾಚಿದರೆ ಸಿಗುವಂತಿತ್ತು. ಯಾರೂ ಚಾಚಲಿಲ್ಲ. ತಮ್ಮ ಕೂಸು ಆಗಲೇ ಮಲಗಿ ಎದ್ದಿತ್ತು, ಇನ್ನು ಬರುವ ಬೇರೆಯವರ ಕೂಸಿಗಾಗಿ ಉಳಿಸಿದರು. ಅವಳು ಮೊರದ ಅಂಚನ್ನು ಹಣೆಗೆ ಒತ್ತಿಕೊಂಡಳು, ಗರ್ಭಗುಡಿಯ ಮುಂದೆ ನಿಂತವಳಂತೆ.

"ನಿಮಗೂ ಅವರಿಗೂ ಬಯಲಾಗ ದಿನಾ ಜಗಳ," ಎಂದಳು.

"ಜಗಳ ಬ್ಯಾರೆ," ಎಂದಳು ಬಾಯವ್ವ, ರಾಟೆಗೆ ಕೈ ಹಾಕುತ್ತ. "ಎಳಿ ಹರದಾಗ ಯಾರ ಹಾಸು ಅಂತ ಕೇಳತೇವೇನು? ನಮಗ ಒಕ್ಕಲಿಗರು ಪಂಜಿಗೆ ಬದಲಿ ಒಂದು ಹೊತ್ತಿನ ಕಾಳು ಕೊಡತಾರ. ಅವರ ಸೀರಿ ಈಗ ಯಾರು ಕೇಳತಾರ? ದೊಡ್ಡ ಹಂಡೇದವರು ಬಿದ್ರ ದೊಡ್ಡದಾಗೇ ಬೀಳತಾರ."

ಶಟ್ಟೆವ್ವನಿಗೆ ಆಗ ಬೆಳಗಿನ ಕಾಗದ ನೆನಪಾಯಿತು. ಅಲ್ಲೇ ಕಟ್ಟೆಯ ಮೇಲೆ ಕುಳಿತಳು. ಮೇಲಿನ ಓಣಿಯನ್ನು ಬಿಡಿಸಿ ಬಂದವಳು ತಾನೇ. ನಾಡಿದ್ದು ಬಂಡಿ ಬರುತ್ತದೆ. ಕೃಷ್ಣವ್ವನ ಸೊಸೆಯ ಎದೆಯಲ್ಲಿ ಹಾಲು ಎಷ್ಟು ದಿನ ನಿಂತೀತು?

ಮನೆಗೆ ಬಂದು ಗಂಡನಿಗೆ ಹೇಳಿದಳು. ಮಾಳಪ್ಪ ಕಂಬಳಿ ಕೊಡವುತ್ತ ನಿಂತ. "ಬರದದ್ದನ್ನ ತಿದ್ದಸಾಕ ಹೊಂಟೀಯೇನು? ನಿನ್ನ ಹೆಸರಿನ ದೇವೀನೂ ತಿದ್ದೂದಿಲ್ಲ."

"ದೇವಿ ನೋಡಿ ಬರೀತಾಳ. ನಾ ನೋಡದ ಬರಸೇನಿ."

ಮಾಳಪ್ಪ ಕಂಬಳಿ ಕೆಳಗಿಟ್ಟ. ಅವಳ ಹರಿದ ಚಪ್ಪಲಿಗೆ ತಾನೇ ದಾರ ಹಾಕಿ ಕೊಟ್ಟ.

ಮರುದಿನ ಬೆಳಕು ಹರಿಯುತ್ತಲೇ ಅವಳು ಜೋಳದ ಮೊರ ತಲೆಯ ಮೇಲಿಟ್ಟುಕೊಂಡು ರಾಮದುರ್ಗದ ದಾರಿ ಹಿಡಿದಳು. ಮೂರು ಹರದಾರಿ. ದಾರಿಯಲ್ಲಿ ಎರಡು ಸಲ ಕುಳಿತಳು. ಮೊರವನ್ನು ನೆಲಕ್ಕಿಡದೆ ತೊಡೆಯ ಮೇಲಿಟ್ಟುಕೊಂಡಳು. ಕಚೇರಿಯ ಬಾಗಿಲಲ್ಲಿದ್ದ ಸಿಪಾಯಿ ಅವಳನ್ನು ತಡೆದ.

"ಏ ಮುದುಕಿ, ಇಲ್ಲಿ ಜೋಳ ಕೊಡತಾರ, ತಗೊಳ್ಳೂದಿಲ್ಲ. ಉಲ್ಟಾ ಬಂದಿ ನೋಡು."

"ಉಲ್ಟಾನ ಬರಸೇನಿ, ತಿದ್ದಸಾಕ ಬಂದೇನಿ. ನಿನ್ನ ಹಡದಾಕಿನ್ನೂ ಒಬ್ಬಾಕಿ ಸೂಲಗಿತ್ತಿನ ಹಡಸಿದ್ದಳು. ಬಿಡು ಒಳಗ."

ಕಾರಕೂನರು ತಲೆ ಎತ್ತಿ ನೋಡಿ ಗುರುತು ಹಿಡಿದರು. ಶಟ್ಟೆವ್ವ ಅವರ ಮುಂದೆ ತನ್ನ ಸೆರಗು ಹಾಸಿ ಜೋಳ ಸುರಿದಳು; ಹರಕು ಬಟ್ಟೆಯನ್ನು ಪಕ್ಕದಲ್ಲಿಟ್ಟಳು. ಒಂದೂ ಬಿಡದೆ ನಡೆದದ್ದೆಲ್ಲ ಹೇಳಿದಳು. ತಾನು ತೆಗೆದ ಮುಷ್ಟಿಗಳನ್ನೂ ಹೇಳಿದಳು. ಅವರು ಲೇಖಣಿ ಕೆಳಗಿಟ್ಟು ಕೇಳಿದರು.

"ಹಂಗಾದ್ರ ಮ್ಯಾಲಿನ ಓಣಿ ಹೆಸರು ಬರೀಲೇನು?" ಎಂದರು ಕೊನೆಗೆ.

"ಕಷ್ಟ ಅವರಿಗೇ ಹೆಚ್ಚರಿ. ಕೆಳಗಿನವರು ದಿನಕ್ಕ ಒಂದು ಹೊತ್ತು ಉಣತಾರ, ಇವರು ದಿನಾ ಬಿಟ್ಟು ದಿನಾ. ಆದ್ರ ನೀವು ಯಾವ ಓಣಿ ಹೆಸರು ಬರದ್ರೂ ಜೋಳ ಎರಡೂ ಓಣಿಗೆ ಹೋಗತೈತ್ರಿ. ಇಷ್ಟ ದಿನ ಹಿತ್ತಲದಿಂದ ಹೋತು. ಇನ್ನ ಮುಂಬಾಗಲದಿಂದ ಹೋಗಲಿ ಅನ್ನೂದಷ್ಟ ನನ್ನ ಬೇಡಿಕಿ."

ಕಾರಕೂನರು ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದರು. ಬೆರಳಿನಿಂದ ತಿಕ್ಕಿ ನೋಡಿದರು. ಹಳದಿ ಹೋಗಲಿಲ್ಲ. ಅವರು ಆ ಕಾಳನ್ನು ತಿರುಗಿ ಸೆರಗಿಗೆ ಹಾಕಿ, ಮುನ್ನಾದಿನ ಬರೆದ ಸಾಲಿನ ಮೇಲೆ ಗೀರು ಎಳೆದು, "ಸುರೇಬಾನದ ನೇಕಾರರು" ಎಂದಷ್ಟೇ ಬರೆದರು. ಕೇಳಿದವರಿಗೆ ತಾವೇ ಉತ್ತರ ಕೊಡುವುದಾಗಿ ಹೇಳಿದರು.

ಮರುದಿನ ಬಂಡಿ ಬಂತು. ಜೋಳ ಹೆಚ್ಚಾಗಿರಲಿಲ್ಲ, ಒಂದು ಓಣಿಗಾಗುವಷ್ಟೇ ಇತ್ತು. ಎರಡಕ್ಕೆ ಹಂಚಿದರೆ ಹೊಟ್ಟೆ ತುಂಬುವುದಿಲ್ಲ ಎಂಬ ಮಾತು ಸುಳ್ಳೇನೂ ಆಗಲಿಲ್ಲ. ಅರೆಹೊಟ್ಟೆಯಲ್ಲೇ ಎರಡೂ ಓಣಿಯವರು ಪೇಟೆ ತೆರೆಯುವವರೆಗೆ ದಿನ ದೂಡಿದರು. ಅಂದು ಚಾವಡಿಯ ಮುಂದೆ ಮೇಲಿನ ಓಣಿಯವರು ದೂರ ನಿಂತೇ ಇದ್ದರು. ಬಾಯವ್ವ ಕೂಗಿದಳು: "ಬಾರ ಕೃಷ್ಣವ್ವಾ, ಹಂಡೆ ತಂದಿದ್ರ ಹಂಡೇನ ಹಿಡಿ. ನಮ್ಮ ಮೊರ ಸಣ್ಣದು, ಮೊದಲ ನಮಗ ಅಳೀರಿ ಅಂದೆನೇನು?" ನಗು ಎದ್ದಿತು. ಆ ನಗುವಿನಲ್ಲಿಯೇ ಕೃಷ್ಣವ್ವ ಮುಂದೆ ಬಂದು ಸೆರಗು ಒಡ್ಡಿದಳು.

ಶಟ್ಟೆವ್ವ ಅಲ್ಲಿಗೆ ಹೋಗಲಿಲ್ಲ. ಅವಳು ತನ್ನ ಮನೆಯಲ್ಲಿ ಬೀಸುಕಲ್ಲಿನ ಮುಂದೆ ಕುಳಿತಿದ್ದಳು. ಆ ಜೋಳ ಈಗ ಅವಳ ಕೂಲಿ. ಅದನ್ನು ಏನು ಮಾಡಬೇಕೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೈಮುಗಿದು ಮೊದಲ ಮುಷ್ಟಿ ಕಲ್ಲಿಗೆ ಹಾಕಿದಳು. ಬೀಸಿ, ನಾದಿ, ಬಡಿದು, ಇದ್ದ ಹಿಟ್ಟೆಲ್ಲ ರೊಟ್ಟಿ ಮಾಡಿದಳು. ಬಿಸಿ ರೊಟ್ಟಿಗಳನ್ನು ಅದೇ ಮೊರದಲ್ಲಿ ಹೊತ್ತು ಏಳು ಬಾಣಂತಿಯರ ಮನೆಗೂ ಹೋದಳು, ಏಳೂ ಮನೆಗೆ ಮುಂಬಾಗಿಲಿನಿಂದ. ಬಾಯವ್ವನ ಮನೆಯಿಂದ ಹಿಡಿದು ಹುಟ್ಟಿದ ಸರತಿಯಲ್ಲಿ ಹೋದದ್ದರಿಂದ ಒಮ್ಮೆ ಕೆಳಗಿನ ಓಣಿ, ಒಮ್ಮೆ ಮೇಲಿನ ಓಣಿ ಎಂದು ನಡುವಿನ ಬಯಲನ್ನು ಐದಾರು ಸಲ ದಾಟಬೇಕಾಯಿತು.

ಕೊನೆಗೆ ಉಳಿದದ್ದು ಕೃಷ್ಣವ್ವನ ಸೊಸೆ. ಆ ಹುಡುಗಿ ರೊಟ್ಟಿ ಮುರಿದು ನೋಡಿ, "ಇದು ಯಾಕ ಹಳದಿ ಐತಿ ಅತ್ತೀ?" ಎಂದಳು.

ಕೃಷ್ಣವ್ವ ಶಟ್ಟೆವ್ವನ ಮುಖ ನೋಡಿದಳು. ಆಮೇಲೆ ಸೊಸೆಯ ತಲೆಯ ಮೇಲೆ ಕೈ ಇಟ್ಟು, "ಕೆಳಗಿನ ಓಣಿ ಅರಿಶಿಣ. ಉಣ್ಣವ್ವಾ" ಎಂದಳು.

ಹುಡುಗಿ ಉಣ್ಣತೊಡಗಿದಳು. ಶಟ್ಟೆವ್ವ ಬರಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಯ ತುತ್ತಿನವರೆಗೂ ಅಲ್ಲೇ ಕುಳಿತಿದ್ದಳು.